ಮೂಲೆಯಲ್ಲಿ ಎದ್ದು ಬಂದ ತಾಮ್ರ

ಅಧ್ಯಕ್ಷತೆ ವಹಿಸಿ ಈಗಷ್ಟೇ ಕಣ್ಣು ತೆರೆದಿರುವ ನಮ್ಮ ಕಾರ್ಖಾನೆಯ ಯಜಮಾನರೇ, ನಮ್ಮ ಡಬ್ಬಿಗಳನ್ನು ಕೊಳ್ಳುವ ಕಂಪನಿಯಿಂದ ಅಷ್ಟು ದೂರ ಬಂದು, ಈ ಗಟ್ಟಿ ಕುರ್ಚಿಯ ಮೇಲೆ ಒಂದೂವರೆ ಗಂಟೆಯಿಂದ ಬೆನ್ನು ನೆಟ್ಟಗೆ ಮಾಡಿ ಕೂತಿರುವ ಮುಖ್ಯ ಅತಿಥಿಗಳೇ, ನನ್ನ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿ ದಣಿದಿರುವ ಮ್ಯಾನೇಜರ್ ಸಾಹೇಬರೇ, ತೊಟ್ಟಿ ವಿಭಾಗದ, ರ‍್ಯಾಕ್ ವಿಭಾಗದ, ಪ್ಯಾಕಿಂಗ್ ವಿಭಾಗದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮುಂದಿನ ಸಾಲಿನಲ್ಲಿ ನನ್ನ ಮುಖ ನೋಡದೆ ಫ್ಯಾನ್ ನೋಡುತ್ತ ಕೂತಿರುವ ನನ್ನ ಮಗಳೇ, ಅವಳ ಪಕ್ಕದಲ್ಲಿರುವ ಅಳಿಯಂದಿರೇ, ಕಾಫಿ ಯಾವಾಗ ಬರುತ್ತದೆಂದು ಬಾಗಿಲ ಕಡೆ ಕತ್ತು ತಿರುಗಿಸಿರುವ ಸಮಸ್ತ ಸಭಿಕರೇ,

ನಿವೃತ್ತಿಯ ದಿನ ಭಾಷಣ ಮಾಡುವವರು ‘ನನಗೆ ಮಾತೇ ಬರುತ್ತಿಲ್ಲ’ ಎಂದು ಶುರು ಮಾಡುತ್ತಾರೆ. ನನಗೆ ಬರುತ್ತಿದೆ. ಮೂವತ್ತೊಂದು ವರ್ಷದಿಂದ ಬರುತ್ತಲೇ ಇದೆ. ಅದಕ್ಕೆ ಈ ಸಭಾಂಗಣದ ಅರ್ಧ ಜನ ಸಾಕ್ಷಿ, ಇನ್ನರ್ಧ ಜನ ಬಲಿ.

ಸಾಹೇಬರು ಮಾತನಾಡುವಾಗ ಮೈಕು ಕುಂಯ್ ಅನ್ನುತ್ತಿತ್ತು, ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ. ನಾನೇ ಇನ್ನೊಮ್ಮೆ ಹೇಳಿಬಿಡುತ್ತೇನೆ. ತನ್ನ ಹೊಗಳಿಕೆಯನ್ನು ತಾನೇ ಎರಡನೇ ಸಲ ಹೇಳಿಕೊಳ್ಳುವ ಭಾಗ್ಯ ಯಾರಿಗೆ ಸಿಗುತ್ತದೆ ಹೇಳಿ? ಅವರು ಹೇಳಿದ್ದೇನೆಂದರೆ, ತಪಾಸಣೆ ವಿಭಾಗದ ಮುಖ್ಯಸ್ಥೆಯಾದ ನಾನು ಕೊನೆಯ ದಿನವೂ ಸುಮ್ಮನೆ ಕೂರಲಿಲ್ಲ. ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ, ಲಾರಿಗೆ ಏರಿಸಬೇಕಿದ್ದ ಸಾವಿರದ ಇನ್ನೂರು ಡಬ್ಬಿಗಳನ್ನು ತಡೆದು ನಿಲ್ಲಿಸಿದೆ. ಲೋಹದ ಪದರ ಕಿತ್ತು ಬರುತ್ತಿದೆ ಎಂದು ಕಂಡುಹಿಡಿದೆ. ತಪ್ಪು ಮಾಡಿದವರು ಬೇರೆ ಯಾರೂ ಅಲ್ಲ, ಮೂರು ತಿಂಗಳ ಹಿಂದಷ್ಟೇ ಉತ್ಪಾದನಾ ಮುಖ್ಯಸ್ಥರಾದ ನನ್ನ ಸ್ವಂತ ಅಳಿಯಂದಿರು. ಆದರೂ ನಾನು ಮುಲಾಜು ನೋಡಲಿಲ್ಲ. ‘ಕರುಳಿಗಿಂತ ಕೆಲಸ ದೊಡ್ಡದು ಎಂದು ತೋರಿಸಿಕೊಟ್ಟ ತಾಯಿ’ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅದರ ಬೆನ್ನಿಗೇ, ಚಪ್ಪಾಳೆ ನಿಲ್ಲುವುದಕ್ಕೂ ಮೊದಲೇ, ಸೋಮವಾರದಿಂದ ಅಳಿಯಂದಿರು ಮುಖ್ಯಸ್ಥರಲ್ಲ, ಮತ್ತೆ ಹಳೆಯ ಜಾಗಕ್ಕೆ, ತೊಟ್ಟಿಯ ಪಕ್ಕಕ್ಕೆ ಹೋಗುತ್ತಾರೆ ಎಂದೂ ಹೇಳಿದರು. ಅದಕ್ಕೂ ಒಂದಿಬ್ಬರು ಚಪ್ಪಾಳೆ ತಟ್ಟಿದಿರಿ. ಯಾರೆಂದು ನೋಡಿಕೊಂಡಿದ್ದೇನೆ.

ಮನೆಯಿಂದ ಬಂದವರಿಗಾಗಿ ನಮ್ಮ ಕೆಲಸದ ಬಗ್ಗೆ ಎರಡು ಮಾತು. ಎರಡು ಅಂದರೆ ಎರಡಲ್ಲ, ಗೊತ್ತಲ್ಲ. ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಎದೆಬಡಿತ ತೋರಿಸುವ ಯಂತ್ರ ಇರುತ್ತದೆ, ಟೀಂ ಟೀಂ ಅನ್ನುತ್ತಿರುತ್ತದೆ. ಅದರ ಪ್ಲಾಸ್ಟಿಕ್ ಡಬ್ಬಿ ನಮ್ಮದು. ಪ್ಲಾಸ್ಟಿಕ್ಕಿನೊಳಗೆ ಕರೆಂಟು ಹರಿಯುವುದಿಲ್ಲ, ಆದರೆ ಯಾರದೋ ಜೇಬಿನ ಫೋನು ಬಿಡುವ ಅಲೆಗಳು ಅದನ್ನು ದಾಟಿ ಸರಾಗವಾಗಿ ಒಳಗೆ ನುಗ್ಗುತ್ತವೆ, ನೆಟ್ಟಗಿರುವ ಎದೆಬಡಿತವನ್ನು ಪರದೆಯ ಮೇಲೆ ಕುಣಿಸಿಬಿಡುತ್ತವೆ. ಅದಕ್ಕೇ ಡಬ್ಬಿಯ ಒಳಮೈಗೆ ತಾಮ್ರದ ಪದರ ಕೊಡುತ್ತೇವೆ, ಅದರ ಮೇಲೆ ನಿಕ್ಕಲ್. ಎಷ್ಟು ದಪ್ಪ? ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಐವತ್ತು ಪದರ ಹಿಡಿಸಬಹುದು. ಸಾಹೇಬರ ತಲೆಯ ಕೂದಲಲ್ಲ, ಇರುವವರದು.

ಪ್ಲಾಸ್ಟಿಕ್ಕಿಗೂ ತಾಮ್ರಕ್ಕೂ ಆಗಿಬರುವುದಿಲ್ಲ. ಒಂದರ ಮೇಲೆ ಒಂದನ್ನು ಸುಮ್ಮನೆ ಬಳಿದರೆ ಸಂಜೆಯೊಳಗೆ ಎದ್ದು ಬರುತ್ತದೆ. ಒಪ್ಪಿಸಬೇಕು. ಮೊದಲು ಜಿಡ್ಡು ತೆಗೆಯುವ ತೊಟ್ಟಿ. ಆಮೇಲೆ ಆಸಿಡ್ ತೊಟ್ಟಿಯಲ್ಲಿ ಎಂಟು ನಿಮಿಷ. ಅದು ಪ್ಲಾಸ್ಟಿಕ್ಕಿನ ನುಣ್ಣನೆ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳನ್ನು ತೋಡುತ್ತದೆ. ಆ ಗುಂಡಿಗಳಲ್ಲಿ ಇನ್ನೊಂದು ಲೋಹದ ಕಣಗಳನ್ನು ಕೂರಿಸುತ್ತೇವೆ. ಅವುಗಳನ್ನು ಹಿಡಿದುಕೊಂಡು ತಾಮ್ರ ತಾನಾಗಿಯೇ ಬೆಳೆಯುತ್ತದೆ, ಕರೆಂಟು ಗಿರೆಂಟು ಏನೂ ಬೇಡ. ಕಪ್ಪು ಡಬ್ಬಿ ತೊಟ್ಟಿಗೆ ಇಳಿದು ಗುಲಾಬಿ ಬಣ್ಣದಲ್ಲಿ ಮೇಲೆ ಬರುವುದನ್ನು ಮೂವತ್ತೊಂದು ವರ್ಷ ನೋಡಿದ್ದೇನೆ. ಒಂದು ದಿನವೂ ಬೇಸರ ಬಂದಿಲ್ಲ, ಸತ್ಯವಾಗಿ ಹೇಳುತ್ತೇನೆ.

ನನ್ನ ಕೆಲಸ ಅದು ಎದ್ದು ಬರುತ್ತದೋ ಇಲ್ಲವೋ ನೋಡುವುದು. ಚಾಕುವಿನಿಂದ ಸಣ್ಣ ಸಣ್ಣ ಚೌಕ ಗೀರಿ, ಅಂಟುಪಟ್ಟಿ ಹಚ್ಚಿ, ಬೆರಳಿನಿಂದ ಚೆನ್ನಾಗಿ ಒತ್ತಿ, ಸರ್ರನೆ ಎಳೆಯುವುದು. ಪಟ್ಟಿಗೆ ಒಂದು ಚೂರು ತಾಮ್ರ ಅಂಟಿ ಬಂದರೂ ಡಬ್ಬಿ ಹೊರಗೆ. ಯಾಕೆ ಇಷ್ಟು ಕಟ್ಟುನಿಟ್ಟು? ಆ ಚೂರು ನಾಳೆ ಯಂತ್ರದೊಳಗೆ ಉದುರಿ ಯಾವುದೋ ಎರಡು ತಂತಿಗೆ ಅಡ್ಡ ಬಿದ್ದರೆ ಟೀಂ ಟೀಂ ನಿಂತುಹೋಗುತ್ತದೆ. ಹಾಸಿಗೆಯ ಮೇಲೆ ಯಾರ ತಾಯಿ ಇರುತ್ತಾಳೋ ಯಾರಿಗೆ ಗೊತ್ತು? ಇದೇ ಕಾರಣಕ್ಕೆ ನೀವೆಲ್ಲ ನನ್ನ ಬೆನ್ನ ಹಿಂದೆ ನನಗೆ ‘ಟೇಪಮ್ಮ’ ಎಂದು ಹೆಸರಿಟ್ಟಿರಿ. ಬೆನ್ನ ಹಿಂದೆ ಅಂದುಕೊಂಡಿದ್ದೀರಿ, ನನಗೆ ಎರಡನೇ ವರ್ಷದಲ್ಲೇ ಗೊತ್ತಿತ್ತು.

ಈ ಟೇಪಮ್ಮ ಮನುಷ್ಯರಿಗೂ ಅಂಟುಪಟ್ಟಿ ಹಚ್ಚಿ ಎಳೆಯುವವಳು. ಅಳಿಯಂದಿರು ಮೊದಲ ಸಲ ನಮ್ಮ ಮನೆಗೆ ಹೆಣ್ಣು ಕೇಳಲು ಬಂದಾಗ ಆಸಿಡ್ ತೊಟ್ಟಿಯಲ್ಲಿ ಕೆಲಸಕ್ಕಿದ್ದರು. ಅಂಗಿಯ ತೋಳಿನಲ್ಲಿ ಮೂರು ತೂತು. ನಾನು ಕುಶಲ ಕೇಳಲಿಲ್ಲ, ‘ಆರನೇ ತೊಟ್ಟಿ ಬಿಸಿ ಎಷ್ಟಿರಬೇಕು?’ ಎಂದು ಕೇಳಿದೆ. ಹೇಳಿದರು. ‘ಬಿಸಿ ಜಾಸ್ತಿ ಆದರೆ?’ ಎಂದೆ. ಹೇಳಿದರು. ಮಗಳು ಅಡುಗೆಮನೆಯಿಂದ ಬಂದು, ‘ಅಮ್ಮಾ, ಅವರು ನನ್ನನ್ನ ಕೇಳೋಕೆ ಬಂದಿದ್ದಾರೆ, ನಿನ್ನ ತೊಟ್ಟೀನಲ್ಲ’ ಅಂದಳು. ಮದುವೆಯಾಗಿ ಏಳು ವರ್ಷವಾಯಿತು. ಈ ಏಳು ವರ್ಷದಲ್ಲಿ ಆ ಮನುಷ್ಯನ ಬಾಯಿಂದ ಒಂದು ಎದುರು ಮಾತು ಬಂದಿಲ್ಲ. ಅದನ್ನು ನಾನು ಒಳ್ಳೆಯತನ ಎಂದುಕೊಳ್ಳಲಿಲ್ಲ, ಮೆತ್ತಗೆ ಎಂದುಕೊಂಡೆ. ಮುಖ್ಯಸ್ಥರಾದಾಗಲೂ ‘ಇವರ ಕೈಯಲ್ಲಿ ಏನಾದೀತು’ ಎಂದು ನಾಲ್ಕು ಜನರ ಮುಂದೆ ಮೂಗು ಮುರಿದೆ.

ಇರಲಿ. ಕೈ ಅಂದೆನಲ್ಲ, ಕೈಯ ಬಗ್ಗೆ ಹೇಳಬೇಕು.

ನಮ್ಮಲ್ಲಿ ಕೈ ಅಂದರೆ ಶತ್ರು. ಬೆರಳಿನ ಜಿಡ್ಡು ತಾಗಿದ ಕಡೆ ತಾಮ್ರ ಕೂರುವುದಿಲ್ಲ. ಕೂತರೂ ಗುಳ್ಳೆ ಏಳುತ್ತದೆ. ಅದಕ್ಕೇ ಕೈಗವಸು. ಜಿಡ್ಡಿಗಿಂತಲೂ ಕೆಟ್ಟದ್ದು ಕೈಗೆ ಹಚ್ಚುವ ಕ್ರೀಮು. ಅದರಲ್ಲಿ ಸಿಲಿಕೋನು ಅನ್ನುವ ಪದಾರ್ಥವಿದೆಯಲ್ಲ, ಅದು ಸೋಪಿಗೆ ಜಗ್ಗುವುದಿಲ್ಲ, ಸ್ಪಿರಿಟ್ಟಿಗೆ ಜಗ್ಗುವುದಿಲ್ಲ, ನಮ್ಮ ಜಿಡ್ಡು ತೆಗೆಯುವ ತೊಟ್ಟಿಗೂ ಜಗ್ಗುವುದಿಲ್ಲ. ಹಾಗಾಗಿ ನಮ್ಮ ಬಾಗಿಲಲ್ಲಿ ಕ್ರೀಮು ನಿಷೇಧ. ರ‍್ಯಾಕ್ ಕಟ್ಟುವ ಅಕ್ಕ, ಅಂದರೆ ತೊಟ್ಟಿಗೆ ಇಳಿಸುವ ಚೌಕಟ್ಟಿಗೆ ಡಬ್ಬಿ ಕಟ್ಟುವವರು, ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಹನ್ನೆರಡು ವರ್ಷದ ಹಿಂದೆ ಅವರು ಯಾವುದೋ ಸಮಾರಂಭದಿಂದ ನೇರವಾಗಿ ಪಾಳಿಗೆ ಬಂದರು, ಕೈ ಘಮ್ಮೆನ್ನುತ್ತಿತ್ತು. ನಾನು ಅವರನ್ನು ನಲ್ಲಿಯ ಮುಂದೆ ನಿಲ್ಲಿಸಿ ಹನ್ನೊಂದು ಸಲ ಕೈ ತೊಳೆಸಿದೆ, ಅಷ್ಟಾದರೂ ತೃಪ್ತಿಯಾಗದೆ ಮನೆಗೆ ಕಳಿಸಿದೆ. ಎಲ್ಲರೂ ನೋಡುತ್ತಿದ್ದರು. ‘ಅಂದ ಬೇಕಾದ್ರೆ ಮನೇಲಿರಿ, ಕೆಲಸ ಬೇಕಾದ್ರೆ ಕೈ ಒಣಗಿಸ್ಕೊಂಡು ಬನ್ನಿ’ ಅಂದೆ. ಅವರು ಅಳುತ್ತ ಹೋದರು. ಅಕ್ಕಾ, ಆಗ ನನಗೆ ಸ್ವಲ್ಪವೂ ಕೆಟ್ಟದೆನಿಸಲಿಲ್ಲ. ಈಗ ಅನಿಸುತ್ತಿದೆ.

ಎಲ್ಲರಿಗೂ ಕೈಗವಸು, ಒಬ್ಬರಿಗೆ ಮಾತ್ರ ಇಲ್ಲ. ಯಾರಿಗೆ? ಟೇಪಮ್ಮನಿಗೆ. ಅಚ್ಚಿನಿಂದ ಬಂದು ಇನ್ನೂ ತೊಟ್ಟಿಗೆ ಇಳಿಯದ ಡಬ್ಬಿಯ ಒಳಗಡೆ, ಎಡ ಮೂಲೆಯಲ್ಲಿ, ಸ್ಕ್ರೂ ಕೂರುವ ಜಾಗದ ಪಕ್ಕ ಕೆಲವೊಮ್ಮೆ ಪ್ಲಾಸ್ಟಿಕ್ಕಿನ ಸಣ್ಣ ಮುಳ್ಳು ಉಳಿದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೈಗವಸಿಗೆ ಸಿಗುವುದಿಲ್ಲ, ಬರಿಬೆರಳಿಗೆ ಸಿಗುತ್ತದೆ. ‘ನನ್ನ ಬೆರಳಿಗೆ ಕಣ್ಣಿದೆ’ ಎಂದು ನಾನೇ ಹೇಳಿಕೊಂಡು, ತೊಳೆದು ಸ್ಪಿರಿಟ್ಟಿನಲ್ಲಿ ಒರೆಸಿದ ಬರಿಬೆರಳಿನಿಂದ ಪರೀಕ್ಷೆ ಮಾಡುವ ಅಧಿಕಾರವನ್ನು ನಾನೇ ನನಗೆ ಕೊಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು? ಈ ಸಲದ ಸಾವಿರದ ಇನ್ನೂರು ಡಬ್ಬಿ ನನ್ನ ಕೊನೆಯ ಲಾಟು. ಹತ್ತರಲ್ಲಿ ಒಂದನ್ನು ನೋಡಿದರೆ ಸಾಕು, ನಾನು ಪ್ರತಿಯೊಂದಕ್ಕೂ ಬೆರಳಿಟ್ಟೆ. ಕೊನೆಯದು ಅಂತ ಪ್ರೀತಿ. ಪ್ರೀತಿಯಲ್ಲ, ಸುಳ್ಳು ಯಾಕೆ ಹೇಳಲಿ, ಜಂಬ.

ನನ್ನ ಮಗಳು ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಮೆತ್ತನೆ ಕೈಯವಳು. ಹೋದ ವಾರ ಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. ‘ಅಮ್ಮಾ, ಇದೇನು ಕೈಯೋ ಉಪ್ಪುಕಾಗದವೋ? ಬೀಳ್ಕೊಡುಗೆ ದಿನ ಎಲ್ಲರೂ ಕೈ ಕುಲುಕ್ತಾರೆ, ಫೋಟೋ ತೆಗೀತಾರೆ’ ಎಂದು ಒಂದು ಪುಟ್ಟ ಬಾಟಲಿ ಕೊಟ್ಟಳು. ನಾನು, ‘ಥೂ, ನಮ್ಮ ಮನೇಲಿ ಇದನ್ನ ತರ್ಬೇಡ ಅಂತ ಎಷ್ಟು ಸಲ ಹೇಳಿದೀನಿ’ ಅಂದೆ. ಅವಳು ನಕ್ಕು ಮೇಜಿನ ಮೇಲಿಟ್ಟು ಹೋದಳು.

ಹಚ್ಚಿಕೊಂಡೆ, ಸಭಿಕರೇ.

ಮಗಳು ಈಗ ಫ್ಯಾನ್ ನೋಡುವುದು ಬಿಟ್ಟು ನನ್ನನ್ನು ನೋಡುತ್ತಿದ್ದಾಳೆ. ಹೌದು ಕಣೇ, ಹಚ್ಚಿಕೊಂಡೆ. ಅವತ್ತೇ, ನೀನು ಬಾಗಿಲು ದಾಟಿದ ಕೂಡಲೆ. ಒಂದು ಸಲವಲ್ಲ, ಆರು ದಿನ, ಬೆಳಿಗ್ಗೆ ಒಂದು ಸಲ, ಮಲಗುವಾಗ ಒಂದು ಸಲ. ಮೂವತ್ತೊಂದು ವರ್ಷ ಒಣಗಿದ ಕೈ ಕುಡಿಯಿತು ನೋಡಿ, ಗಟಗಟ ಕುಡಿಯಿತು. ಕನ್ನಡಿಯ ಮುಂದೆ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಹದಿನಾರರ ಹುಡುಗಿಯ ಹಾಗೆ ನಾಚಿಕೊಂಡೆ. ಕಾರ್ಖಾನೆಗೆ ಬಂದ ಮೇಲೆ ತೊಳೆದೆನಲ್ಲ, ಒರೆಸಿದೆನಲ್ಲ, ನನಗೇನಾಗುತ್ತದೆ, ನಾನು ಟೇಪಮ್ಮ! ನನ್ನ ಕೈಗೂ ಅದೇ ನಿಯಮ ಎನ್ನುವುದು ತಲೆಗೇ ಹೊಳೆಯಲಿಲ್ಲ.

ಇವತ್ತು ಹನ್ನೊಂದಕ್ಕೆ ಅಂಟುಪಟ್ಟಿ ಎಳೆದೆ, ಬೆರಳಗಲ ತಾಮ್ರ ಎದ್ದು ಬಂತು. ಇನ್ನೊಂದು ಡಬ್ಬಿ, ಮತ್ತೆ ಬಂತು. ನನಗೆ ಮೈ ಉರಿದುಹೋಯಿತು. ನಲವತ್ತು ಜನ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದಂತೆ ಅಳಿಯಂದಿರನ್ನು ಕರೆದು ಬಾಯಿಗೆ ಬಂದ ಹಾಗೆ ಬೈದೆ. ‘ಆಸಿಡ್ ತೊಟ್ಟೀಲಿ ಎಂಟು ನಿಮಿಷ ಇಡೋ ಯೋಗ್ಯತೆ ಇಲ್ಲದವರು ಮುಖ್ಯಸ್ಥರಾಗ್ತಾರೆ! ಲಾರಿ ಬಂತು ಅಂತ ಐದಕ್ಕೇ ಎತ್ತಿಸಿದ್ರಾ?’ ಅಂದೆ. ಅವರು ಡಬ್ಬಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿ, ಗಲಾಟೆ ಕೇಳಿ ಬಂದಿದ್ದ ಸಾಹೇಬರ ಕಡೆ ತಿರುಗಿ, ‘ಹೌದು ಸಾರ್, ಮೂರು ನಿಮಿಷ ಕಮ್ಮಿ ಮಾಡಿಸಿದೆ. ತಪ್ಪಾಯ್ತು’ ಅಂದರು. ಸಾಹೇಬರು ಅಲ್ಲೇ ತೀರ್ಮಾನ ಮಾಡಿದರು. ನನಗೆ ಹೊಟ್ಟೆ ತಣ್ಣಗಾಯಿತು.

ಎರಡು ಗಂಟೆಗೆ ಈ ಸಮಾರಂಭಕ್ಕೆಂದು ಮುಖ ತೊಳೆಯಲು ಹೋದೆ. ನಮಗೊಂದು ಚಾಳಿ ಇದೆ: ತೊಳೆದ ವಸ್ತು ಶುದ್ಧವಾಗಿದ್ದರೆ ನೀರು ಅದರ ಮೇಲೆ ತೆಳ್ಳಗೆ ಹಾಸಿಕೊಂಡು ನಿಲ್ಲುತ್ತದೆ, ಇಲ್ಲದಿದ್ದರೆ ಹನಿ ಹನಿಯಾಗಿ ಒಡೆಯುತ್ತದೆ. ಮನೆಯಲ್ಲಿ ತಟ್ಟೆ ತೊಳೆದರೂ ನಾವು ಅದನ್ನೇ ನೋಡುವುದು. ನಲ್ಲಿಯ ಕೆಳಗೆ ನನ್ನ ಬಲಗೈ ತೋರುಬೆರಳು ನೋಡಿದೆ. ನೀರು ಮುತ್ತು ಪೋಣಿಸಿದ ಹಾಗೆ ಒಡೆದು ನಿಂತಿತ್ತು. ಸೋಪು ಹಾಕಿದೆ, ಒಡೆಯಿತು. ಸ್ಪಿರಿಟ್ ಹಾಕಿದೆ, ಒಡೆಯಿತು. ತಡೆದಿಟ್ಟ ಡಬ್ಬಿಗಳ ಹತ್ತಿರ ಓಡಿದೆ, ಇಪ್ಪತ್ತು ಡಬ್ಬಿ ತೆಗೆದು ಎಲ್ಲ ಕಡೆ ಅಂಟುಪಟ್ಟಿ ಎಳೆದೆ. ಆಸಿಡ್ ಕಮ್ಮಿಯಾಗಿದ್ದರೆ ತಾಮ್ರ ಎಲ್ಲ ಕಡೆಯೂ ಏಳಬೇಕು. ಎಲ್ಲ ಕಡೆ ಗಟ್ಟಿಯಾಗಿತ್ತು. ಎದ್ದು ಬರುತ್ತಿದ್ದುದು ಎಡ ಮೂಲೆಯಲ್ಲಿ ಮಾತ್ರ, ಸ್ಕ್ರೂ ಕೂರುವ ಜಾಗದ ಪಕ್ಕ, ಇಪ್ಪತ್ತಕ್ಕೆ ಇಪ್ಪತ್ತು. ಬೆಳಿಗ್ಗೆ ಸಿಟ್ಟಿನಲ್ಲಿ ಮೂಲೆಗೇ ಎರಡು ಸಲ ಎಳೆದು ಸುಮ್ಮನಾಗಿದ್ದೆ.

ಅಳಿಯಂದಿರು ಆ ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದು ಯಾಕೆಂದು ಆಗ ಅರ್ಥವಾಯಿತು. ತೊಟ್ಟಿಯ ಗಡಿಯಾರ ಬರೆದಿಡುವ ಸಮಯದ ದಾಖಲೆ ತೆಗೆಸಿ ನೋಡಿದೆ. ಪ್ರತಿ ರ‍್ಯಾಕೂ ಎಂಟು ನಿಮಿಷ, ಒಂದು ಸೆಕೆಂಡು ಕಮ್ಮಿಯಿಲ್ಲ. ಆ ಪುಣ್ಯಾತ್ಮ ಮಾಡದ ತಪ್ಪನ್ನು ಒಪ್ಪಿಕೊಂಡಿದ್ದರು.

ಓಣಿಯಲ್ಲಿ ಅವರನ್ನು ಹಿಡಿದು ನಿಲ್ಲಿಸಿದೆ. ‘ಗೊತ್ತಿತ್ತಾ ನಿಮಗೆ?’ ಎಂದೆ. ‘ಮೂಲೆ ನೋಡಿದ ತಕ್ಷಣ ಗೊತ್ತಾಯ್ತು ಅತ್ತೆ. ಮೊನ್ನೆ ನಿಮ್ಮ ಮನೇಲಿ ಬಾಟಲಿ ಅರ್ಧ ಖಾಲಿಯಾಗಿತ್ತಲ್ಲ’ ಅಂದರು. ‘ಮತ್ತೆ ಯಾಕೆ ಬಾಯಿ ಮುಚ್ಕೊಂಡಿದ್ರಿ?’ ಎಂದು ಅದಕ್ಕೂ ಗದರಿದೆ ನೋಡಿ, ನನ್ನ ಸೊಕ್ಕು! ಅವರು ಹೇಳಿದರು: ‘ಬಿಡಿ ಅತ್ತೆ. ನಿಮಗಿರೋದು ಇವತ್ತೊಂದೇ ದಿನ. ನನಗಿನ್ನೂ ಇಪ್ಪತ್ತೈದು ವರ್ಷ ಇದೆ. ಹೆಸರು ಮತ್ತೆ ಮಾಡ್ಕೋತೀನಿ.’

ನಾನು ಏನು ಮಾಡಿದೆ ಗೊತ್ತೆ? ಅವರನ್ನು ಎಳೆದುಕೊಂಡು ಸಾಹೇಬರ ಕೋಣೆಗೆ ಹೋದೆನೆ? ಮಗಳನ್ನು ಕರೆದು ಹೇಳಿದೆನೆ? ಇಲ್ಲ. ‘ಹೂಂ’ ಅಂದೆ. ಒಂದೇ ಒಂದು ‘ಹೂಂ’. ಸೀರೆ ಸರಿ ಮಾಡಿಕೊಂಡು ಬಂದು ಈ ವೇದಿಕೆಯ ಮೇಲೆ ಕೂತೆ. ಹೂಗುಚ್ಛ ಇಸಿದುಕೊಂಡೆ. ಫೋಟೋಗೆ ನಕ್ಕೆ. ‘ಕರುಳಿಗಿಂತ ಕೆಲಸ ದೊಡ್ಡದು’ ಎಂದಾಗ ತಲೆ ಬಗ್ಗಿಸಿ ವಿನಯವಾಗಿ ಕೂತೆ, ನಿಮಗೆಲ್ಲ ಚೆನ್ನಾಗಿ ಕಂಡಿರಬೇಕು. ನನ್ನ ಮೂವತ್ತೊಂದು ವರ್ಷದ ಹೆಸರು ಉಳಿಯಲಿ, ಅವರ ಮೂರು ತಿಂಗಳಿನದು ಹೋದರೆ ಹೋಗಲಿ ಎಂದು ಒಳಗೊಳಗೇ ಒಪ್ಪಿಬಿಟ್ಟಿದ್ದೆ. ಇಲ್ಲಿಗೆ ಬಂದು ಮೈಕ್ ಹಿಡಿದಾಗಲೂ ಇದನ್ನೆಲ್ಲ ಹೇಳುವ ಉದ್ದೇಶ ನನಗಿರಲಿಲ್ಲ, ನಿಮ್ಮಾಣೆ. ನಾಲ್ಕು ಜೋಕು ಹೇಳಿ ಇಳಿಯೋಣವೆಂದಿದ್ದೆ. ಎದುರಿಗೆ ಅವರು ಕೂತಿದ್ದಾರೆ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ. ನನ್ನಿಂದಾಗಲಿಲ್ಲ.

ನನಗೆ ನಾಚಿಕೆಯಾಗುತ್ತಿದೆ. ಕ್ರೀಮು ಹಚ್ಚಿದ್ದಕ್ಕಲ್ಲ. ಆ ‘ಹೂಂ’ಗೆ.

ಮಗಳೇ, ಅಳಬೇಡ. ಕ್ರೀಮು ಬಹಳ ಚೆನ್ನಾಗಿದೆ, ನಿನ್ನ ತಪ್ಪೇನೂ ಇಲ್ಲ. ನಿನ್ನ ಗಂಡನನ್ನು ಮೆತ್ತಗೆ ಅಂದಿದ್ದೆನಲ್ಲ, ಆ ಮಾತನ್ನು ನುಂಗಿಕೊಂಡಿದ್ದೇನೆ. ಮುಖ್ಯ ಅತಿಥಿಗಳೇ, ನಿಮ್ಮ ಡಬ್ಬಿಗಳು ಇವತ್ತು ಬರುವುದಿಲ್ಲ. ಸಾವಿರದ ಇನ್ನೂರರ ತಾಮ್ರವನ್ನೂ ಕರಗಿಸಿ ತೆಗೆದು ಮೊದಲಿಂದ ಮಾಡಬೇಕು, ಐದು ದಿನ ಬೇಕು. ಬೈಯಬೇಕೆನಿಸಿದರೆ ನನ್ನನ್ನು ಬೈಯಿರಿ, ಐದು ದಿನವೂ ಇಲ್ಲೇ ಸಿಗುತ್ತೇನೆ, ಕೈಗವಸು ಹಾಕಿಕೊಂಡು, ಉತ್ಪಾದನಾ ಮುಖ್ಯಸ್ಥರು ಹೇಳಿದ ತೊಟ್ಟಿಯ ಪಕ್ಕ.

ಆ ಮುಖ್ಯಸ್ಥರು ಯಾರು? ಅದನ್ನು ಸಾಹೇಬರು ಈಗ ತೀರ್ಮಾನಿಸುತ್ತಾರೆ. ಸಾಹೇಬರೇ, ನಿಮ್ಮ ಮುಂದಿರುವ ಕಾಗದ ನೋಡಿ, ಹೂಗುಚ್ಛದ ಕೆಳಗೆ ನಾನೇ ಈಗ ಸರಿಸಿದ್ದು. ಡಬ್ಬಿಗಳನ್ನು ತಡೆದ ವರದಿ. ‘ಕಾರಣ’ ಎಂಬ ಜಾಗದಲ್ಲಿ ಬೆಳಿಗ್ಗೆ ನಾನು ಬರೆದದ್ದನ್ನು ನಿಮ್ಮ ಪೆನ್ನಿನಿಂದಲೇ ಹೊಡೆದು ಹಾಕಿ, ನೀವು ನನ್ನ ತಾಳ್ಮೆಯ ಬಗ್ಗೆ ಮಾತನಾಡುತ್ತಿದ್ದಾಗ ಕೆಳಗೆ ಬೇರೆ ಬರೆದಿದ್ದೇನೆ. ನೋಡಿದಿರಾ, ಹೇಳುವ ಉದ್ದೇಶ ಇರಲಿಲ್ಲ ಎಂದೆ, ಕೈಗೆ ಇತ್ತು ಅಂತ ಕಾಣುತ್ತದೆ. ಓದುತ್ತೇನೆ: ‘ಕಾರಣ: ತಪಾಸಣೆ ಮುಖ್ಯಸ್ಥೆಯ ಬರಿಗೈ. ಉತ್ಪಾದನಾ ವಿಭಾಗದ ತಪ್ಪಿಲ್ಲ.’ ಕೆಳಗೆ ನನ್ನ ಸಹಿ ಇದೆ. ಪಕ್ಕದಲ್ಲಿ ನಿಮ್ಮದು ಬೇಕು, ಅಳಿಯಂದಿರು ಅವರ ಜಾಗದಲ್ಲೇ ಇರುತ್ತಾರೆ ಎಂಬ ಒಂದು ಸಾಲಿನ ಜೊತೆಗೆ.

ಸೋಮವಾರ ನೋಡೋಣ ಎಂದು ತಲೆ ಆಡಿಸುತ್ತಿದ್ದಾರೆ. ಸೋಮವಾರ ಬೇಡ ಸಾಹೇಬರೇ. ಅವರನ್ನು ಇಳಿಸಿದ್ದು ಇಷ್ಟು ಜನರ ಮುಂದೆ, ಕೂರಿಸುವುದೂ ಇಷ್ಟೇ ಜನರ ಮುಂದೆ ಆಗಲಿ. ನೀವು ಸಹಿ ಹಾಕುವವರೆಗೆ ನಾನು ಈ ಮೈಕ್ ಬಿಡುವುದಿಲ್ಲ. ನನ್ನ ಹತ್ತಿರ ಮೂವತ್ತೊಂದು ವರ್ಷದ ಕಥೆಗಳಿವೆ, ಅದರಲ್ಲಿ ನಿಮ್ಮವು ಒಂಬತ್ತು. ಕಾಫಿ ಆರುತ್ತಿದೆ, ಹಿಂದಿನ ಸಾಲಿನವರು ನನ್ನನ್ನಲ್ಲ, ನಿಮ್ಮನ್ನು ನೋಡುತ್ತಿದ್ದಾರೆ. ನೀವು ಚಿಮಣಿ ಉದ್ಘಾಟಿಸಲು ಬಂದ ದಿನದಿಂದ ಶುರು ಮಾಡಲೆ?

ಯಜಮಾನರು ಪೆನ್ನು ತೆಗೆದು ಕೊಟ್ಟರು. ಯಜಮಾನರೇ, ನೀವು ನಿದ್ದೆ ಮಾಡುತ್ತಿದ್ದಿರಿ ಎಂದದ್ದು ತಪ್ಪಾಯಿತು.

ಹಾಕಿದರು.

ದೊಡ್ಡ ಉಪಕಾರವಾಯಿತು ಸಾಹೇಬರೇ. ಕೂತು ಕೇಳಿದ ನಿಮಗೆಲ್ಲ ಧನ್ಯವಾದ. ರ‍್ಯಾಕ್ ಅಕ್ಕನಿಗೆ ಮಾತ್ರ ಬರೀ ಧನ್ಯವಾದ ಸಾಲದು, ಕೆಳಗೆ ಬಂದು ಮಾತನಾಡುತ್ತೇನೆ. ಅಳಿಯಂದಿರೇ, ನೀವು ಎದ್ದು ಬರಬೇಡಿ, ಕೂತಿರಿ. ಏಳು ವರ್ಷದಲ್ಲಿ ಒಂದು ಸಲವಾದರೂ ಅತ್ತೆಯೇ ನಿಮ್ಮ ಹತ್ತಿರ ನಡೆದು ಬರಲಿ. ಈ ಕಾಗದ ನಿಮ್ಮದು, ತಂದು ಕೊಡುತ್ತೇನೆ. ತಪ್ಪು ನನ್ನದು, ಕ್ಷಮಿಸಿ. ಎಲ್ಲರಿಗೂ ನಮಸ್ಕಾರ, ನಿಮಗೆ ಮೊದಲು.